ಭಾವಂದಿರ ನಡುವೆ ಒಂದು ಎಲೆ

“ಎಂತ ವಕೀಲರೇ, ನನ್ನ ಮಗುವಿಗೆ ಸೋದರಮಾವ ಅನ್ನ ತಿನ್ನಿಸ್ಲಿಕ್ಕೂ ನಿಮ್ಮ ಪರ್ಮಿಷನ್ ಬೇಕಾ?” ನಮ್ಮ ಕೊಲ್ಲಿ ಪಟ್ಟಣದ ಅಲ್ ಹೈಲ್ ಬಡಾವಣೆಯಿಂದ ಫೋನ್ ಮಾಡಿದ ಹೆಂಗಸು ನೇರವಾಗಿ ಕೇಳಿದರು.

ಅವರ ಗಂಡ ನನ್ನ ಕಕ್ಷಿದಾರರಾದ ಪೈಪ್ ಕಂಪನಿಯೊಂದರ ಸೇಲ್ಸ್ ಮ್ಯಾನೇಜರ್. ಆಕೆಯ ಅಣ್ಣನಿಗೆ ಪ್ರತಿಸ್ಪರ್ಧಿ ಕಂಪನಿಯಲ್ಲಿ ಅದೇ ಹುದ್ದೆ. ಎರಡೂ ಕಂಪನಿಗಳು ಒಳಗೊಳಗೇ ಸೇರಿ ಬೆಲೆ ನಿಗದಿ ಮಾಡಿದವೇ ಎಂಬ ತನಿಖೆ ನಡೆಯುತ್ತಿತ್ತು. ಅದು ಮುಗಿಯುವವರೆಗೆ ಆ ಕಂಪನಿಯವರೊಂದಿಗೆ ಮಾತು ಬೇಡ ಎಂದು ನಾನು ಹೇಳಿದ್ದೆ. ಗಂಡ ಅದನ್ನು ಅಕ್ಷರಶಃ ಪಾಲಿಸಿ, ಮಗುವಿನ ಅನ್ನಪ್ರಾಶನಕ್ಕೆ ಭಾವನನ್ನೇ ಕರೆದಿರಲಿಲ್ಲ.

“ಕರೆಯಿರಿ ಅಮ್ಮ, ವ್ಯಾಪಾರದ ಮಾತು ಮಾತ್ರ ಬೇಡ,” ಎಂದೆ.

“ಇವರು ನಂಬುದಿಲ್ಲ. ನೀವೇ ಬಂದು ನಡುವೆ ಕೂತ್ಕೊಳ್ಳಿ ಮಾರಾಯ್ರೆ!”

ಶುಕ್ರವಾರ ಹೋದೆ. ಸೋದರಮಾವ ಬಂದು ಮಗುವಿಗೆ ಪಾಯಸ ನೆಕ್ಕಿಸಿದರು. ಊಟಕ್ಕೆ ನನ್ನ ಎಲೆ ಭಾವಂದಿರಿಬ್ಬರ ನಡುವೆ ಬಿತ್ತು.

“ಭಾವನಿಗೆ ಇನ್ನೊಂದು ಹೋಳಿಗೆ ಬೇಕಾ ಕೇಳಿ ಸರ್,” ಎಂದರು ಎಡಗಡೆಯವರು.

“ಎರಡು ಅಂತ ಹೇಳಿ ಸರ್,” ಎಂದರು ಬಲಗಡೆಯವರು.

ಅಂದಿನಿಂದ ನಾನು ಕಕ್ಷಿದಾರರಿಗೆ ಕಳಿಸುವ ಸೂಚನಾಪತ್ರದಲ್ಲಿ ಒಂದು ಪ್ರಶ್ನೆ ಹೆಚ್ಚಾಗಿದೆ: ಪ್ರತಿಸ್ಪರ್ಧಿ ಕಂಪನಿಯಲ್ಲಿ ನಿಮ್ಮ ನೆಂಟರಿದ್ದಾರೆಯೇ? ಮೊನ್ನೆ ಒಬ್ಬರು ಉತ್ತರ ಬರೆಯಲು ಬೇರೆ ಹಾಳೆ ಕೇಳಿದರು.