ಗೀಟಿನ ಮೇಲಿನದು ನಿಮ್ದು

ಕಳೆದ ಸೋಮವಾರ ಎಸ್.ಎಸ್. ಬಡಾವಣೆಯ ಮನೆಯಲ್ಲಿ ಕಪಾಟು ಒರೆಸುವಾಗ ಮರದ ಕಡ್ಡಿಯೊಂದು ಸಿಕ್ಕಿತು. ಮೊಳದುದ್ದ, ನಡುವೆ ಪೆನ್ಸಿಲ್ ಗೀಟು. ಭಾನುವಳ್ಳಿಯ ಪಶು ಆಸ್ಪತ್ರೆಯ ಕಾಂಪೌಂಡರ್ ಅವರದು.

ಅವರ ಪರಿಚಯವಾದಾಗ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಟಂಗ್‌ಸ್ಟನ್ ಕಾರ್ಬೊನಿಲ್ ಎಂದರೆ ಒಂದು ಲೋಹದ ಪರಮಾಣು, ಸುತ್ತ ಆರು ಕಾರ್ಬನ್ ಮಾನಾಕ್ಸೈಡ್ ಅಣುಗಳು. ನೇರಳಾತೀತ ಬೆಳಕು ಬಿದ್ದರೆ ಆರರಲ್ಲೊಂದು ಕಳಚುತ್ತದೆ. ಕಳಚಿದ್ದು ಮತ್ತೆ ಸೇರದೆ ಉಳಿದದ್ದು ಹಾಗೇ ನಿಲ್ಲಬೇಕಾದರೆ ದ್ರಾವಣ ಗಾಜಿನಂತೆ ಹೆಪ್ಪುಗಟ್ಟಿರಬೇಕು. ಆಗ ಹಳದಿ ಬಣ್ಣ ಕಾಣುತ್ತದೆ. ಅಷ್ಟು ಚಳಿಗೆ ದ್ರವ ಸಾರಜನಕ ಬೇಕು. ನಮಗೆ ಅದನ್ನು ಕೊಡುವವರಿರಲಿಲ್ಲ.

ಆಕಳುಗಳ ಕೃತಕ ಗರ್ಭಧಾರಣೆಯ ವೀರ್ಯ ಕೆಡದಂತೆ ಇಡಲು ಕಾಂಪೌಂಡರಿಗೂ ಅದೇ ಬೇಕಿತ್ತು. ಗುರುವಾರ ದಾವಣಗೆರೆಯಲ್ಲಿ ಕ್ಯಾನ್ ತುಂಬಿಸಿಕೊಂಡು ಊರಿಗೆ ಹೋಗುವ ದಾರಿಯಲ್ಲಿ, ತಮ್ಮ ಆಸ್ಪತ್ರೆಯ ಡಾಕ್ಟರ ಒಪ್ಪಿಗೆಯಿಂದ, ಸ್ವಲ್ಪ ನನಗೆ ಸುರಿಯುತ್ತಿದ್ದರು. ಮೊದಲು ಕ್ಯಾನಿಗೆ ಕಡ್ಡಿ ಅದ್ದಿ ತೆಗೆದು ಗಾಳಿಗೆ ಬೀಸುವರು. ಬಿಳಿ ಮಂಜು ಎಲ್ಲಿಯವರೆಗೆ ಕೂತಿತೋ ಅಷ್ಟು ದ್ರವ.

"ಗೀಟಿನ ತನಕ ದನದ್ದು, ಮೇಲಿಂದು ನಿಮ್ದು."

ಒಂದು ಗುರುವಾರ ಹಳದಿ ಮೂಡಿಬಿಟ್ಟಿತ್ತು. ಅದರ ಅಳತೆ ಮುಗಿಯುವ ಮೊದಲು ನನ್ನ ಫ್ಲಾಸ್ಕ್ ಬರಿದಾದರೆ ಮೂರು ತಿಂಗಳ ಕೆಲಸ ಕರಗಿಹೋಗುತ್ತಿತ್ತು. ಅಂದು ಅವರಿಗೇ ದ್ರವ ಕಡಿಮೆ ಸಿಕ್ಕಿತ್ತು; ಕಡ್ಡಿಯ ಮಂಜು ಗೀಟಿಗಿಂತ ಒಂದೇ ಬೆರಳು ಮೇಲಿತ್ತು. ಇನ್ನೆರಡು ಬೆರಳು ಕೊಡಿ ಎಂದು ಬೇಡಿಕೊಂಡೆ.

"ಆಗಲ್ಲ ಬಿಡ್ರಿ ಮೇಡಂ. ನಾಳೆ ಕೊಕ್ಕನೂರಾಗ ಮೂರು ಆಕಳು ಕಾಯ್ತಾವ. ನಿಮ್ಮ ಪರೀಕ್ಷೆ ಮುಂದಕ್ಕೆ ಹಾಕಬೌದು, ಅವುಗಳ ಬೆದೆ ಹಾಕಾಕಾಗಲ್ಲ."

ನನಗೆ ಸಿಟ್ಟು ಬಂತು. ಗಾಬರಿಯಲ್ಲಿ ಮತ್ತೆ ನನ್ನ ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದೆ.

"ಎಷ್ಟು ಸಲ ಇಣುಕ್ತೀರಿ? ಇಣುಕಿದಷ್ಟೂ ಹಾರಿಹೋಗ್ತೈತೆ. ಏನೇನು ಮಾಡ್ಬೇಕು ಅಂತ ಮೊದ್ಲು ಬರ್ಕಳ್ರಿ. ಆಮ್ಯಾಲೆ ಮುಟ್ರಿ."

ಬರೆದುಕೊಂಡೆ. ಒಂಬತ್ತು ಹೆಜ್ಜೆ, ಒಂದರ ಹಿಂದೆ ಒಂದು. ಒಂದು ಬೆರಳಿನಷ್ಟರಲ್ಲೇ ಅಳತೆ ಮುಗಿಯಿತು. ಆಮೇಲೆ, ಅಲ್ಲೇ ನಿಂತಿದ್ದ ಅವರ ಎದುರೇ, ದ್ರಾವಣದ ಕೊಳವೆಯನ್ನು ಫ್ಲಾಸ್ಕಿನಿಂದ ಹೊರಗೆ ತೆಗೆದೆ. ದ್ರಾವಣ ಕರಗಿದಂತೆ ಕಳಚಿದ್ದು ಮತ್ತೆ ಸೇರಿಕೊಂಡು ಹಳದಿ ಮಾಯವಾಯಿತು.

"ಬಿಟ್ಟುಹೋದೋನು ವಾಪಸ್ ಬಂದ್ನಾ? ಥೇಟ್ ನಮ್ಮ ದನ... ಹೊತ್ತಿಳಿದ್ರೆ ಕೊಟ್ಟಿಗೆಗೆ!"

ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಆ ಹಳದಿಯೇ. ಮೊದಲು ಬರೆದುಕೊಳ್ಳಿ, ಆಮೇಲೆ ಮುಟ್ಟಿ ಎಂದು ಪಾಠ ಮಾಡಿದ ಕೊನೆಯ ದಿನದವರೆಗೂ ನನ್ನ ವಿದ್ಯಾರ್ಥಿಗಳಿಗೆ ಹೇಳಿದೆ. ಯಾರಿಂದ ಕಲಿತದ್ದೆಂದು ಹೇಳುವಾಗ ತಲೆ ಎತ್ತಿಯೇ ಹೇಳಿದ್ದೇನೆ.

ತಮ್ಮ ನಿವೃತ್ತಿಯ ದಿನ ಅವರು ಕಡ್ಡಿಯನ್ನು ನನಗೆ ಕೊಟ್ಟರು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ...

ಸೋಮವಾರ ನೋಡಿದಾಗ ಗೀಟು ಮಾಸಿತ್ತು. ಪೆನ್ಸಿಲ್ ತಂದು ಅದರ ಮೇಲೆಯೇ ತಿದ್ದಿದೆ. ಕೂದಲೆಳೆಯಷ್ಟೂ ಕೆಳಗೆ ಇಳಿಸಲಿಲ್ಲ.