ಡಬ್ಬಿಯೊಳಗೆ ಮಲಗಿದ ಫೋನು

"ಮಾಮಾ, ಮನ್ಯಾಗಿನ ದೊಡ್ಡ ಸ್ಟೀಲ್ ಡಬ್ಬಿ ತಗೊಂಡು ಲ್ಯಾಬಿಗೆ ಬರ್ರಿ. ನಿಮ್ಮ ಫೋನೂ ಬೇಕು" ಎಂದಳು ಅಕ್ಕನ ಮಗಳು ಶಿವಲೀಲಾ. ಶಹಾಪುರದ ಕಾಲೇಜೊಂದರಲ್ಲಿ ಲೆಕ್ಚರರ್. ಖಾಲಿ ಡಬ್ಬಿ ಯಾರಾದರೂ ಕಳಿಸುತ್ತಾರೆಯೇ? ನನ್ನ ಹೆಂಡತಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬಿಕೊಟ್ಟಳು. ಶಿವಲೀಲಾ ರೊಟ್ಟಿ ತೆಗೆದಿಟ್ಟು ಡಬ್ಬಿಗೆ ಡ್ರಿಲ್ಲಿನಿಂದ ತೂತು ಹೊಡೆದಳು! (ಮನೆಯಲ್ಲಿ ಇನ್ನೂ ಹೇಳಿಲ್ಲ. ಹೆಂಡತಿ ಈ ಅಂಕಣ ಓದುವುದಿಲ್ಲ ಎಂಬ ಧೈರ್ಯ.)

ಅಕ್ಕನೂ ಬಂದಿದ್ದಳು. ಆಕೆ ಆಶಾ ಕಾರ್ಯಕರ್ತೆ. ಹೋದ ಮಳೆಗಾಲ ವನದುರ್ಗದಾಚೆಯ ಹತ್ತಿ ಹೊಲದಲ್ಲಿ ಒಬ್ಬಳಿಗೆ ಹೆರಿಗೆ ನೋವು. ಹೊಲದ ತುಂಬ ಹೆಂಗಸರು, ಎಲ್ಲರ ಹತ್ತಿರ ಫೋನು, ಯಾವುದಕ್ಕೂ ಟವರ್ ಇಲ್ಲ. ತಾಯಿ ಮಗು ಉಳಿದದ್ದೇ ಪುಣ್ಯ. ಆ ಫೋನುಗಳೇ ಒಂದರಿಂದೊಂದಕ್ಕೆ ಮೆಸೇಜ್ ದಾಟಿಸುತ್ತ, ಸಿಗ್ನಲ್ ಇರುವ ರಸ್ತೆಗೆ ಮುಟ್ಟಿಸಿದರೆ? ಅದೇ ಶಿವಲೀಲಾಳ ಹಟ. ಅದಕ್ಕೊಂದು ಆ್ಯಪ್ ಮಾಡಿದ್ದಳು. ಅದು ಲ್ಯಾಬಿನಲ್ಲಿ ಪಾಸಾದರಷ್ಟೇ ಹೊಲದಲ್ಲಿ ಪರೀಕ್ಷಿಸಲು ಕಾಲೇಜಿನ ಒಪ್ಪಿಗೆ.

ಆದರೆ ಜನ ನಡೆದಾಡುತ್ತಲೇ ಇರುತ್ತಾರೆ. ಅದನ್ನು ಟೇಬಲ್ ಮೇಲೆ ಪರೀಕ್ಷಿಸುವುದು ಹೇಗೆ?

ನಾಲ್ಕು ಡಬ್ಬಿ. ಒಳಗೆ ಒಂದೊಂದು ಫೋನು. ಮುಚ್ಚಿದರೆ ಹೊರಗಿನ ಸಿಗ್ನಲ್ ಬಂದ್. ತೂತಿನಿಂದ ಬಂದ ವೈರುಗಳಲ್ಲಷ್ಟೇ ಫೋನುಗಳ ಮಾತುಕತೆ; ಅವು ಸೇರುವಲ್ಲಿ ತಿರುವುವ ಗುಂಡಿಗಳು. ತಿರುವಿದಷ್ಟೂ ಸಿಗ್ನಲ್ ಸಣ್ಣದು. ತಾನು ದೂರ ಹೋದೆ ಎಂದೇ ಫೋನು ತಿಳಿಯುತ್ತದೆ. ಅವಳ ಬೆರಳು ಎರಡು ಸುತ್ತು ತಿರುಗಿತು, ನನ್ನ ಫೋನು ಕೂತಲ್ಲೇ ಹೊಲ ದಾಟಿತು.

ಮೊದಲ ಡಬ್ಬಿ ಹೊಲ, ನಾಲ್ಕನೆಯದು ರಸ್ತೆ. ಮೆಸೇಜ್ ಎರಡನೇ ಡಬ್ಬಿ ದಾಟಿತು. ಮೂರನೆಯದರಲ್ಲಿ ನಿಂತಿತು. ಮತ್ತೆ ಕಳಿಸಿದಳು, ಮತ್ತೆ ಅಲ್ಲೇ. ಅವಳ ಮುಖ ಬಾಡಿತು. ಮುಚ್ಚಳ ತೆಗೆದರೆ, ನನ್ನದೇ ಫೋನು! ಚಾರ್ಜ್ ಉಳಿಯಲಿ ಎಂದು ನಾನು ಹಾಕಿಟ್ಟಿದ್ದ ಬ್ಯಾಟರಿ ಸೇವರ್ ಅದನ್ನು ಮಲಗಿಸಿತ್ತು. ನಾಚಿಕೆಯಾಗಿ ಸರಿಪಡಿಸಲು ಹೋದೆ.

"ಇರ್ಲಿ ಬಿಡ್ರಿ ಮಾಮಾ. ಹೊಲದಾಗೂ ನಿಮ್ಮಂಥೋರು ಇರ್ತಾರ."

ಹಾಗೆಂದು ಬೇರೊಂದು ಗುಂಡಿ ತಿರುವಿ, ಎರಡನೇ ಫೋನನ್ನು ನಾಲ್ಕನೆಯದರ ಹತ್ತಿರಕ್ಕೆ 'ನಡೆಸಿದಳು'. ಮೆಸೇಜ್ ನನ್ನನ್ನು ಬಿಟ್ಟು ತಾನೇ ಹೊಸ ದಾರಿ ಹುಡುಕಿ ಮುಟ್ಟಿತು. ಯಾರೂ ಕೈಹಿಡಿದು ದಾಟಿಸಲಿಲ್ಲ. ಪರೀಕ್ಷೆ ಪಾಸು!

ಅಕ್ಕ ಮಾತ್ರ ಡಬ್ಬಿಗಳನ್ನೇ ನೋಡುತ್ತಿದ್ದಳು. "ನಡುವ ಒಬ್ಬಾಕಿನೇ ಇದ್ದು, ಆಕಿ ಫೋನೂ ಮಲಗಿತ್ತಂದ್ರ?"

"ಆವಾಗ ದಾರಿ ಇಲ್ಲವ್ವ" ಎಂದಳು ಮಗಳು.

ನನ್ನ ಫೋನಿನಲ್ಲಿ ಇನ್ನೂ ಎಂಬತ್ತು ಪರ್ಸೆಂಟ್ ಚಾರ್ಜ್ ಇತ್ತು. ಯಾರಿಗಾಗಿ ಉಳಿಸಿದ್ದೆ, ಹೇಳಿ?