ಹತ್ತಿಮತ್ತೂರ ಕರೆವ್ವ ಚಿಗಟ ಗೆದ್ದದ್ದು

ಹತ್ತಿಮತ್ತೂರಿನ ಉಡಚಪ್ಪನ ಹೆಂಡತಿ ಕರೆವ್ವ ಗಟ್ಟಿ ಹೆಣ್ಣು. ಮಾತು ಕಡಿಮೆ. ಒಮ್ಮೆ ಆಡಿದಳೆಂದರೆ ಹಿಂದೆ ಸರಿಯುವವಳಲ್ಲ. ಲಗ್ನವಾಗಿ ಬಂದ ಎರಡನೇ ವರ್ಷ, ತವರೂರಾದ ಹಂಸಭಾವಿಯಿಂದ ಬರುವಾಗ ಮುಚ್ಚಳದ ಬುಟ್ಟಿಯೊಳಗೆ ಒಂದು ಬೂದು ಬೆಕ್ಕಿನ ಮರಿ ತಂದಿದ್ದಳು. ಅದಕ್ಕೆ ಕಾರಣವಿತ್ತು. ಬಿತ್ತಲು ಎತ್ತಿಟ್ಟ ಸೇಂಗಾದ ಚೀಲಗಳನ್ನು ಇಲಿಗಳು ಕೊರೆದು, ಮಿರಗದ ಮಳೆ ಬೀಳುವ ಹೊತ್ತಿಗೆ ಒಳಗೆ ಬರೇ ಸಿಪ್ಪೆ ಉಳಿಯುತ್ತಿತ್ತು. ಬೆಕ್ಕು ಬಂದ ವರ್ಷ ಒಂದು ಚೀಲವೂ ತೂತಾಗಲಿಲ್ಲ. ಅತ್ತೆ ಸುಶೀಲವ್ವ ತಾನೇ ಅದಕ್ಕೆ ದಿನಾ ಹಾಲು ಹಾಕತೊಡಗಿದಳು.

ಆ ಹಾಲು ೧೯೫೮ರ ಯುಗಾದಿ ಮುಗಿದ ಮೇಲೆ ನಿಂತುಹೋಯಿತು. ಬೆಕ್ಕಿನ ಮೈಮೇಲೆ ಚಿಗಟ ಎದ್ದಿದ್ದವು. ಬರೇ ಬೆಕ್ಕಿನ ಮೈಮೇಲೆ ಇದ್ದಿದ್ದರೆ ಮಾತು ಬೇರೆ. ಪಡಸಾಲೆಯಲ್ಲಿ ಕೂತವರ ಕಾಲಿನ ಮೀನಖಂಡದ ತುಂಬ ಸಾಲಾಗಿ ಕೆಂಪು ಗುಳ್ಳೆ. ಸುಶೀಲವ್ವ ಕೆರೆದು ಕೆರೆದು ಕಾಲು ಹುಣ್ಣು ಮಾಡಿಕೊಂಡಳು. ಕರೆವ್ವನ ಎಂಟು ತಿಂಗಳ ಕೂಸು ತೊಟ್ಟಿಲಲ್ಲಿ ನಿದ್ದೆಯಿಲ್ಲದೆ ಕಿರಿಕಿರಿ ಮಾಡತೊಡಗಿತು.

"ಈ ಬೆಕ್ಕನ್ನ ಹೊಳಿ ಆಚಿ ಬಿಟ್ಟು ಬಾ," ಅಂದಳು ಸುಶೀಲವ್ವ. "ಕೂಸಿನ ಮೈ ಹೆಂಗಾಗೇತಿ ನೋಡು."

"ಬೆಕ್ಕ ಹ್ವಾದ್ರ ಬಿತ್ತಾಕ ಬೀಜ ಉಳಿಯೂದಿಲ್ರಿ ಅತ್ತಿ. ನಾ ಚಿಗಟ ತಗೀತೇನಿ. ಬೆಕ್ಕ ಇರ್ಲಿ."

"ಯಾರ ತಗದಾರ ಇಲ್ಲೀತನ, ನೀ ತಗಿಯಾಕ?"

"ನೋಡ್ರಿ," ಅಂದಳು ಕರೆವ್ವ. ಅಷ್ಟೇ.

ಸೀಗೆಕಾಯಿ ಪುಡಿ ಕಲೆಸಿ ಬೆಕ್ಕಿಗೆ ಜಳಕ ಮಾಡಿಸಿದಳು. ಮೊಣಕೈತನಕ ಪರಚಿಸಿಕೊಂಡಳು. ಹೇನು ಬಾಚುವ ಸಣ್ಣ ಹಲ್ಲಿನ ಹಣಿಗೆಯಿಂದ ಅದರ ಮೈ ಬಾಚಿ, ಸಿಕ್ಕವುಗಳನ್ನು ಸಾಬೂನಿನ ನೀರಲ್ಲಿ ಮುಳುಗಿಸಿದಳು. ಮೂಲೆ ಮೂಲೆಗೆ ಬೇವಿನ ತಪ್ಪಲು ಹರವಿದಳು. ನಾಲ್ಕು ದಿನ ಎಲ್ಲರಿಗೂ ಆರಾಮ ಅನ್ನಿಸಿತು. ಐದನೇ ದಿನ ಮತ್ತೆ ಅದೇ ಕಡಿತ, ಅದೇ ಕೆರೆತ. ಇನ್ನೊಮ್ಮೆ ಜಳಕ, ಇನ್ನೊಮ್ಮೆ ಬೇವು, ಮತ್ತೆ ಚಿಗಟ. ಉಡಚಪ್ಪ ಗುಡಿಯ ಕಟ್ಟೆಗೆ ಹೋಗಿ, "ನಾ ಜಳಕಾ ಮಾಡಿದ್ನೋ ಇಲ್ಲೋ ಕೇಳಾವ್ರಿಲ್ಲ, ನಮ್ಮನ್ಯಾಗ ಬೆಕ್ಕಿಗೆ ವಾರಕ್ಕ ಎರಡ ಸಲ ಬಿಸಿನೀರು," ಎಂದು ನಗಿಸಿ ಬಂದ. ಆ ನಗು ಬಾವಿಕಟ್ಟೆಯತನಕ ಹರಿದು ಕರೆವ್ವನ ಕಿವಿಗೂ ಬಿತ್ತು. ಅವಳು ಕೊಡ ತುಂಬಿಕೊಂಡು ಮನೆಗೆ ಬಂದಳು.

ಆ ಹೊತ್ತಿಗೇ ಶಿಗ್ಗಾಂವದಲ್ಲಿ ನಾದಿನಿಯ ಮನೆಯ ಲಗ್ನ ಬಂತು. ಬೆಕ್ಕನ್ನು ಹೊಲದ ಗುಡಿಸಲಲ್ಲಿದ್ದ ಜೀತದಾಳಿನ ಹತ್ತಿರ ಬಿಟ್ಟು, ಬೀಜದ ಚೀಲಗಳನ್ನು ಅಟ್ಟಕ್ಕೇರಿಸಿ, ಮನೆಗೆ ಕೀಲಿ ಹಾಕಿ ಎಲ್ಲರೂ ಹೋದರು. ತಿರುಗಿ ಬಂದದ್ದು ಹನ್ನೆರಡು ದಿನದ ಮೇಲೆ, ಮಟಮಟ ಮಧ್ಯಾಹ್ನ. ಕೀಲಿ ತೆಗೆದು ಸುಶೀಲವ್ವ ಮೊದಲು ಒಳಗೆ ಕಾಲಿಟ್ಟಳು. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ನೆಲದಿಂದ ಚಿಗಟ ಹಾರಿ ಅವಳ ಕಾಲಿಗೆ ಮುತ್ತಿದವು. ಮುದುಕಿ ಸೀರೆ ಎತ್ತಿಕೊಂಡು ಅಂಗಳಕ್ಕೆ ಓಡಿಬಂದಳು.

ಉಡಚಪ್ಪ ಬೈಯತೊಡಗಿದ. ಕರೆವ್ವ ಮಾತ್ರ ಹೊಸ್ತಿಲಲ್ಲೇ ನಿಂತಿದ್ದಳು.

"ಹನ್ನೆರಡ ದಿನ ಬೆಕ್ಕ ಈ ಹೊಸ್ತಿಲಾ ದಾಟಿಲ್ಲ," ಅಂದಳು ನಿಧಾನಕ್ಕೆ. "ಮಂದೀನೂ ಇದ್ದಿಲ್ಲ. ಮತ್ತ ಇವು ಎಲ್ಲಿಂದ ಬಂದ್ವು?"

ಅವಳೇ ಒಳಗೆ ಹೋಗಿ, ಬೆಕ್ಕು ದಿನಾ ಮಲಗುತ್ತಿದ್ದ ಮೂಲೆಯ ಧೂಳನ್ನು ಒಂದು ಮೊರದಷ್ಟು ಗುಡಿಸಿ ತಂದು, ಬಿಸಿಲಲ್ಲಿ ಕರೀ ಕಂಬಳಿಯ ಮೇಲೆ ಹರವಿದಳು. ಕಂಬಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಧೂಳಿನಲ್ಲಿ ಉಪ್ಪಿನ ಪುಡಿಯಂಥ ಬಿಳೀ ಕಾಳುಗಳಿದ್ದವು, ಚಿಗಟದ ತತ್ತಿ. ಕೂದಲೆಳೆಯಷ್ಟು ಸಣ್ಣ ಹುಳಗಳು ಬಿಸಿಲು ತಾಗಿದೊಡನೆ ಹೊರಳಾಡಿ ಕಂಬಳಿಯ ಉಣ್ಣೆಯೊಳಗೆ ನುಸುಳಿದವು. ಕರಿಮಣ್ಣಿನಂಥ ಹರಳೂ ಇದ್ದವು. ಒಂದು ಹರಳನ್ನು ಅಂಗೈಯಲ್ಲಿಟ್ಟು ಉಗುಳು ಹಚ್ಚಿ ತಿಕ್ಕಿದಳು. ಅಂಗೈ ಕೆಂಪಾಯಿತು. ಅದು ಮಣ್ಣಲ್ಲ, ಚಿಗಟ ಕುಡಿದು ಹಾಕಿದ ರಕ್ತ.

"ಅತ್ತಿ, ಇಲ್ಲಿ ಬಂದು ನೋಡ್ರಿ," ಎಂದು ಕರೆದಳು. "ಬೆಕ್ಕ ಬರೇ ಗಾಡಿರಿ. ಇವುಗಳ ಊರು ನಮ್ಮ ನೆಲದಾಗ ಐತಿ. ಗಾಡಿ ತೊಳದ್ರ ಊರು ಖಾಲಿ ಆಕ್ಕೇತೇನ್ರಿ?"

ಸುಶೀಲವ್ವ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ, "ಏನ ಮಾಡ್ಬೇಕ ಹೇಳು," ಅಂದಳು.

ಮರುದಿನ ಬೆಳಿಗ್ಗೆಯೇ ಇಡೀ ಮನೆಯ ಸಾಮಾನು ಅಂಗಳಕ್ಕೆ ಬಂತು. ಕೌದಿಗಳೆಲ್ಲ ಹಂಡೆಯಲ್ಲಿ ಕುದ್ದವು. ಗೋಣಿತಟ್ಟುಗಳು ಚಕ್ಕಡಿಯ ಮೇಲೆ ಬಿಸಿಲು ಕಾದವು. ಮೂಲೆಯ ನೆಲವನ್ನು ಎರಡು ಬೆರಳು ಆಳ ಕೆರೆದು, ಆ ಮಣ್ಣನ್ನು ಊರ ಹೊರಗೆ ಒಯ್ದು ಹುಲ್ಲು ಹಾಕಿ ಸುಟ್ಟರು. ಬಿರುಕುಗಳಿಗೆಲ್ಲ ಜಿಗಿಮಣ್ಣು ತುಂಬಿ, ಸಗಣಿಯಿಂದ ಸಾರಿಸಿದರು. ಬೆಕ್ಕಿಗೆ ಮಲಗಲು ಒಂದೇ ಗೋಣಿ, ಒಂದೇ ಜಾಗ. ನಾಲ್ಕು ದಿನಕ್ಕೊಮ್ಮೆ ಆ ಗೋಣಿಗೂ ಕುದಿಯುವ ನೀರು. ಹಣಿಗೆ ಮಾತ್ರ ದಿನಾ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆವ್ವ ಇನ್ನೊಂದು ಕೆಲಸ ಮಾಡುತ್ತಿದ್ದಳು. ಅಗಲವಾದ ಪರಾತದಲ್ಲಿ ಸಾಬೂನಿನ ನೀರು ಹಾಕಿ, ನಡುವೆ ಬೋರಲು ಬಟ್ಟಲಿನ ಮೇಲೆ ಚಿಮಣಿ ದೀಪ ಹಚ್ಚಿ ನೆಲಕ್ಕಿಡುವಳು. ಬೆಳಕಿಗೆ ಹಾರಿದ ಚಿಗಟ ನೀರಲ್ಲಿ ಬಿದ್ದು ಏಳುತ್ತಿರಲಿಲ್ಲ. ಊಟವಾದ ಮೇಲೆ ಎಣಿಸಿ, ಗೋಡೆಗೆ ಇದ್ದಿಲಿನಿಂದ ಗೀಟು ಹಾಕುವಳು. ಮೊದಲ ದಿನ ಐವತ್ಮೂರು. ವಾರದ ಮೇಲೆ ಹತ್ತು. ಆಮೇಲೆ ಮೂರು. ಹದಿಮೂರನೇ ದಿನ ಒಂದೂ ಇಲ್ಲ.

"ಮುಗೀತಲಾ," ಅಂದ ಉಡಚಪ್ಪ, "ಇನ್ನರ ಬಿಡು."

"ಮುಗದಿಲ್ಲ. ನೆಲದಾಗ ಇನ್ನೂ ಮಲಗಿದ್ವು ಅದಾವು. ಆವತ್ತ ಅತ್ತಿ ಕಾಲಿಟ್ಟಾಗ ಎದ್ದಂಗ, ಕಾಲಸಪ್ಪಳ ಆದಾಗ ಏಳ್ತಾವು."

ಹದಿನೇಳನೇ ದಿನ ಪರಾತದಲ್ಲಿ ಇಪ್ಪತ್ತೊಂದು ತೇಲಿದವು. ಆವತ್ತಿನಿಂದ ಉಡಚಪ್ಪ ಬಾಯಿ ಮುಚ್ಚಿಕೊಂಡು ತಾನೇ ನೀರು ಕಾಸತೊಡಗಿದ. ಕರೆವ್ವ ಕೆಲಸ ಬಿಡಲಿಲ್ಲ. ನಲವತ್ತನೇ ದಿನ ಸುಶೀಲವ್ವ ಮಗನ ಬಿಳೀ ಧೋತರ ಹರಿದು ಎರಡೂ ಕಾಲಿಗೆ ಮೊಣಕಾಲತನಕ ಸುತ್ತಿಕೊಂಡು, ಪಡಸಾಲೆ, ಅಡಿಗೆಮನೆ, ಮೂಲೆ ಮೂಲೆ ತುಳಿದು ಬಂದಳು. ಬಿಳಿಯ ಮೇಲೆ ಒಂದು ಕರೀ ಚುಕ್ಕೆ ಇರಲಿಲ್ಲ. ಅವಳು ಹಾಗೇ ಧೋತರ ಸುತ್ತಿದ ಕಾಲಲ್ಲಿ ಓಣಿಗೆ ನಡೆದು, ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳುವಂತೆ, "ನಕ್ಕಾವ್ರು ಬರ್ರಿ, ನಮ್ಮನ್ಯಾಗ ಬಂದು ಕುಂಡ್ರಿ. ನನ್ನ ಸೊಸಿ ಏನ ಮಾಡ್ಯಾಳ ನೋಡ್ರಿ," ಅಂದಳು.

ಆ ವರ್ಷ ಕರೆವ್ವ ಓಣಿಯ ಆರು ಮನೆಗಳ ನೆಲ ಕೆರೆಸಿದಳು. ಮೊದಲು ಕರೀ ಕಂಬಳಿ ಹಾಸಿ ತೋರಿಸುವಳು, ಆಮೇಲೆ ಕೆಲಸ. ನೋಡದವರು ನಡುವೆಯೇ ಬಿಡುತ್ತಾರೆಂದು ಅವಳಿಗೆ ಗೊತ್ತಾಗಿತ್ತು.

ಐದು ವರ್ಷದ ಮೇಲೆ ಉಡಚಪ್ಪ ಹೊಲದ ಬದುವಿನ ತಕರಾರಿಗೆ ಸವಣೂರಿನ ರಾಘಣ್ಣ ವಕೀಲರ ಮನೆಗೆ ಹೋದ. ವಕೀಲರು ಮಾತು ಮಾತಿಗೆ ಬಗ್ಗಿ ಕಾಲು ಕೆರೆದುಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಹೆಂಡತಿಯನ್ನು ನಗೆಗೀಡು ಮಾಡಿದ್ದ ಅದೇ ಉಡಚಪ್ಪ ಬದುವಿನ ಮಾತು ಬಿಟ್ಟು ಅರ್ಧ ತಾಸು ಕರೆವ್ವನ ಕತೆ ಹೇಳಿದ. ಒಳಗಿನಿಂದ ಕೇಳುತ್ತಿದ್ದ ವಕೀಲರ ಹೆಂಡತಿ ವಿಮಲಾಬಾಯಿ, "ನಾಳೆನ ಕರ್ಕೊಂಡು ಬಾರಪ್ಪಾ. ಮಗಳು ಬಾಣಂತನಕ್ಕ ಬರೂದದ, ಎರಡು ತಿಂಗಳ ಉಳದದ," ಅಂದರು.

ಕರೆವ್ವ ಕಂಬಳಿ ಹಿಡಿದುಕೊಂಡೇ ಹೋದಳು. ದೊಡ್ಡ ಮನೆ, ಕಲ್ಲಿನ ಫರಸಿ ನೆಲ. ವಕೀಲರು ಪೇಟೆಯಿಂದ ಚಿಗಟ ಕೊಲ್ಲುವ ಒಂದು ಡಬ್ಬಿ ಪುಡಿ ತರಿಸಿ ತಮ್ಮ ಮನೆಯ ಬೆಕ್ಕಿಗೆ ಬಳಿಯಲು ಇಟ್ಟಿದ್ದರು. "ಅದನ್ನ ಬೆಕ್ಕಿಗೆ ಹಚ್ಚಬ್ಯಾಡ್ರಿ, ನೆಕ್ಕಿ ಸಾಯತೇತಿ," ಅಂದಳು ಕರೆವ್ವ.

"ಹಂಗಾದ್ರ ಎಷ್ಟು ದಿನ ಹಿಡೀತದವ್ವಾ?" ವಕೀಲರು ಕೇಳಿದರು.

"ನಲವತ್ತ ದಿನರಿ."

"ಚಿಗಟ ತಗಿಯಾಕ ನಲವತ್ತು ದಿನ?"

"ವಕೀಲಸಾಹೇಬ್ರ, ಒಂದ ಬದುವಿನ ಕೇಸು ನೀವು ಎಷ್ಟ ವರ್ಷ ನಡಸ್ತೀರಿ?"

ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಡಬ್ಬಿಯನ್ನು ತಾವೇ ಹೊರಗಿಟ್ಟರು.

ಫರಸಿಯ ಸಂದುಗಳನ್ನು ತೆಂಗಿನ ಕಡ್ಡಿಯಿಂದ ಗೀರಿ ತೆಗೆದು, ಸುಣ್ಣ ಕಲೆಸಿ ತುಂಬಿಸಿದರು. ಹಾಸಿಗೆಗಳು ಬಿಸಿಲು ಕಂಡವು. ಹೀಗೆ ಎರಡು ವಾರ ಕಳೆದರೂ ಪರಾತಕ್ಕೆ ಬೀಳುವ ಚಿಗಟ ಕಡಿಮೆಯಾಗಲೇ ಇಲ್ಲ. ಕರೆವ್ವ ಯೋಚಿಸಿದಳು. ಅವಳು ನೋಡದ ಜಾಗ ಒಂದೇ ಇತ್ತು, ದೇವರ ಕೋಣೆ. ಮಡಿಯ ಮನೆ, ಕೇಳುವುದು ಹೇಗೆ?

"ಬಾಯಾರ, ನಾ ಒಳಗ ಬರೂದಿಲ್ರಿ. ದೇವರ ಕೋಣಿ ಧೂಳು ನೀವ ಗುಡಿಸಿ ತಂದು ಈ ಕಂಬಳಿ ಮ್ಯಾಲ ಹಾಕ್ರಿ."

"ದಿನಾ ಸಾರಸ್ತೇವಿ ಕರೆವ್ವಾ, ಅಲ್ಲೇನಿರ್ತದ?" ಅನ್ನುತ್ತಲೇ ವಿಮಲಾಬಾಯಿ ಒಳಗೆ ಹೋದರು. ಗೋಡೆಗೆ ಒರಗಿಸಿಟ್ಟ ಮಣೆಗಳ ಹಿಂದಿನಿಂದ ಒಂದು ಮುಷ್ಟಿ ಧೂಳು ತಂದು ಸುರಿದರು. ಕಂಬಳಿಯ ಮೇಲೆ ಉಪ್ಪಿನ ಪುಡಿ ಚೆಲ್ಲಿದಂತಾಯಿತು. ಕೋಣೆಯ ಬಾಗಿಲು ಮುಚ್ಚಿದಾಗ ಬೆಕ್ಕು ಕಿಟಕಿಯಿಂದ ಇಳಿದು ಮಣೆಗಳ ಹಿಂದೆ ಮಲಗುತ್ತಿತ್ತು.

ವಿಮಲಾಬಾಯಿ ಕಂಬಳಿಯ ಮೇಲೆ ಬಗ್ಗಿ ನೋಡಿದರು. ಆಮೇಲೆ ಬಾಗಿಲ ಪಕ್ಕಕ್ಕೆ ಸರಿದು ನಿಂತರು. "ನನ್ನ ಕಣ್ಣಿಗೆ ಇಷ್ಟು ದಿನ ಕಂಡಿಲ್ಲ. ನೀನ ಒಳಗ ಬಂದು ನೋಡು ಕರೆವ್ವಾ. ದೇವರೇನೂ ಸಿಟ್ಟಾಗೂದಿಲ್ಲ."

ಕರೆವ್ವ ಕಾಲು ತೊಳೆದುಕೊಂಡು ಒಳಗೆ ಹೋದಳು. ದೇವರಿಗೆ ಒಮ್ಮೆ ಕೈಮುಗಿದು, ಮಣೆಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಕೊಟ್ಟಳು.

ಮಗಳು ಬಂದಿಳಿದ ದಿನ ಮನೆಯಲ್ಲಿ ಒಂದು ಚಿಗಟ ಇರಲಿಲ್ಲ. ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕರೆವ್ವನಿಗೂ ಅತ್ತೆಗೂ ಕರೆ ಬಂತು. ತುಂಬಿದ ಪಡಸಾಲೆಯಲ್ಲಿ ವಿಮಲಾಬಾಯಿ ಅವಳನ್ನು ತಮ್ಮ ಪಕ್ಕಕ್ಕೆ ಕೂಡಿಸಿಕೊಂಡು, ಹುಬ್ಬಳ್ಳಿಯಿಂದ ಬಂದ ಬೀಗರಿಗೆ, "ಈ ಮನೀ ನೆಲ ಶುದ್ಧ ಮಾಡಿದಾಕಿ ಇಕಿ," ಎಂದು ಹೇಳಿದರು. ಖಣ ಕೊಟ್ಟು ಉಡಿ ತುಂಬಿದರು.

ತಿರುಗಿ ಬರುವಾಗ ಬಸ್ಸು ಕಿಕ್ಕಿರಿದಿತ್ತು. ಸುಶೀಲವ್ವ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ ಶಿಗ್ಗಾಂವದ ಲಗ್ನದಿಂದ ಕತೆ ಶುರು ಮಾಡಿದಳು. ಕಂಬಳಿಯ ಮಾತು ಬರುವ ಹೊತ್ತಿಗೆ ಮುಂದಿನ ಸೀಟಿನವರೂ ತಿರುಗಿ ಕೂತಿದ್ದರು. ದೇವರ ಕೋಣೆಯ ಮಾತು ಬಂದಾಗ ಕಂಡಕ್ಟರನೂ ಟಿಕೀಟು ಹರಿಯುವುದು ಬಿಟ್ಟು ನಿಂತ.

"ಯಾರಬೇ ಅಕಿ?" ಹಿಂದಿನಿಂದ ಯಾರೋ ಕೇಳಿದರು.

ಸುಶೀಲವ್ವ ಸೊಸೆಯ ಮುಂಗೈ ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು. ಬೇರೆ ಹೊತ್ತಾಗಿದ್ದರೆ ಕರೆವ್ವ ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಿದ್ದಳು. ಆವತ್ತು ಕೈ ಬಿಡಿಸಿಕೊಳ್ಳಲಿಲ್ಲ. ಕೇಳಿದವರ ಕಡೆಗೆ ತಿರುಗಿ, "ನಾನರಿ," ಅಂದಳು.